ಶಿವಪೂಜೆಯ ಕರಡಿ
ಬೇಡದ ಹೊತ್ತಿಗೆ ನಡುವೆ ನುಗ್ಗುವವರನ್ನು ಶಿವಪೂಜೆಯಲ್ಲಿ ಕರಡಿ ಎಂದು ಎಲ್ಲರೂ ಬೈಯುತ್ತಾರೆ. ಸಾಂತಾಕ್ರೂಜ್‌ನ ಕಾಲೇಜೊಂದರಲ್ಲಿ ಧಾರವಾಡದ ಶೈಲಾ ಮೇಡಂ ಆ ಕರಡಿಯಾಗುವುದನ್ನೇ ಕಲಿಸುತ್ತಾರೆ. ಯಾವನಾದರೂ ತನ್ನ ಗೆಳತಿಯನ್ನು ಗದರಿಸುವುದೋ ಎಳೆದಾಡುವುದೋ ಕಂಡರೆ ಹೀರೋನಂತೆ ಹೊಡೆದಾಟಕ್ಕೆ ಇಳಿಯಬಾರದು, ಪೆದ್ದನಂತೆ ನಡುವೆ ಹೋಗಿ ಏನಾದರೂ ಕೇಳಬೇಕು. ಕ್ಯಾಂಟೀನಿನಲ್ಲಿ ಇದರ ತಾಲೀಮು ನಡೆದರೆ, ಜಗಳದ ನಾಟಕವಾಡುವ ಜೋಡಿಯ ಬಳಿ ಹತ್ತು ಜನ ಒಟ್ಟಿಗೇ ಚಟ್ನಿ ಕೇಳುತ್ತಾರೆ. "ಮೇಡಂ, ಅದು ಅವರ ಪರ್ಸನಲ್ ಮ್ಯಾಟರ್ ಹೈ ನಾ?" ಎಂದು ವಿದ್ಯಾರ್ಥಿ ಸೃಜನ್ ತಡವರಿಸಿದರೆ, "ಕೈ ತಿರುವೂದು ಪರ್ಸನಲ್ ಹೆಂಗಾಗ್ತದೋ? ಹೋಗು, ಕರಡಿ ಆಗು!" ಎಂದು ಅಟ್ಟುತ್ತಾರೆ. ತಾವು ಮಾತ್ರ, ಕೈಯಲ್ಲೇ ವಾಚಿದ್ದರೂ, ಕೇಳುವುದು ಟೈಮ್ ಎಷ್ಟು ಎಂದೇ. ಈಗ ಕಾಲೇಜಿನ ಪ್ರೇಮಿಗಳು ಅವರನ್ನು ಕಂಡೊಡನೆ ಕೇಳುವ ಮೊದಲೇ ಟೈಮ್ ಹೇಳಿಬಿಡುತ್ತಾರೆ. ಮೇಡಂ ಇಪ್ಪತ್ತರ ವಯಸ್ಸಿನಲ್ಲಿದ್ದಾಗ, ದಹಿಸರ್ ಸ್ಟೇಷನ್ನಿನಲ್ಲಿ ಗೆಳೆಯನೊಬ್ಬ ಅವರ ಕೈ ತಿರುವುತ್ತಿದ್ದಾಗ ನೂರಾರು ಮಂದಿ ಸುಮ್ಮನೆ ಹಾದುಹೋಗಿದ್ದರಂತೆ. ಮೀನುಬುಟ್ಟಿಯ ಹೆಂಗಸೊಬ್ಬಳು ಮಾತ್ರ ನಿಂತು, "ಪೋರಿ, ಟೈಮ್ ಕಾಯ್ ಝಾಲಾ?" ಎಂದು ಮರಾಠಿಯಲ್ಲಿ ಟೈಮ್ ಎಷ್ಟಾಯಿತೆಂದು ಕೇಳಿದಳು. ಅವನ ಹಿಡಿತ ಸಡಿಲಾಯಿತು. ಅವಳು ನಿಂತಿದ್ದದ್ದು ಸ್ಟೇಷನ್ನಿನ ದೊಡ್ಡ ಗಡಿಯಾರದ ಕೆಳಗೇ.