ಹದಿನಾರು ಹಾರಾಟ, ಒಂದು ತಪ್ಪೊಪ್ಪಿಗೆ

ಬೆಳಗಿನ ಐದೂಕಾಲು. ಹವಾಮಾನ ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಬಿಳಿ ಬಲೂನು ನಿಧಾನವಾಗಿ ಉಬ್ಬುತ್ತಿದೆ. ಅದರ ಕುತ್ತಿಗೆ ಹಿಡಿದು ನಿಂತವರನ್ನು ಇಲ್ಲಿ ಎಲ್ಲರೂ ಬಲೂನಣ್ಣ ಎನ್ನುತ್ತಾರೆ. ನಿಮ್ಮ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿದ್ದೇನೆ ಎಂದರೆ ತಲೆ ತಗ್ಗಿಸುತ್ತಾರೆ. "ನನ್ನ ಬಗ್ಗೆ ಏನಿದೆಯಮ್ಮ? ಬರೆಯೋದಾದ್ರೆ ತಪ್ಪನ್ನೇ ಬರೀಬೇಕು."

ಇಪ್ಪತ್ತೇಳು ವರ್ಷದಿಂದ ದಿನಕ್ಕೆರಡು ಬಲೂನು ಬಿಡುತ್ತಿದ್ದಾರೆ. ಪ್ರತಿಯೊಂದೂ ಅಂಗೈಯಗಲದ ಮಾಪಕವನ್ನು ಮೂವತ್ತು ಕಿಲೋಮೀಟರ್ ಮೇಲಕ್ಕೊಯ್ದು ಒಡೆಯುತ್ತದೆ. ದಾರಿಯುದ್ದಕ್ಕೂ ಮಾಪಕ ಗಾಳಿಯ ಬಿಸಿ, ತೇವ, ಒತ್ತಡದ ಲೆಕ್ಕ ಕೆಳಗೆ ಕಳಿಸುತ್ತದೆ. ಒಮ್ಮೆ ಬಲೂನಿಗೆ ತುಂಬುವ ಅನಿಲ ಹೊತ್ತಿಕೊಂಡು ಎಡ ಮುಂಗೈ ಸುಟ್ಟಿದೆ. ಆ ಕಲೆ ತೋರಿಸಲು ಅವರಿಗೆ ಸಂಕೋಚವಿಲ್ಲ. ನಾಚಿಕೆ ಇರುವುದು ಬೇರೆ ಕಡೆ.

ಎರಡು ತಿಂಗಳ ಹಿಂದೆ ತಾವೇ ರೂಪಿಸಿದ ಹೊಸ ಮಾದರಿಯ ಮಾಪಕ ಹೊತ್ತು ಇಂಜಿನಿಯರ್ ತರುಣಿಯೊಬ್ಬರು ಬಂದರು. ಹಳೆಯದನ್ನೂ ಹೊಸದನ್ನೂ ಒಂದೇ ಕೋಲಿನ ಎರಡು ತುದಿಗೆ ಕಟ್ಟಿ, ಒಂದೇ ಬಲೂನಿನಲ್ಲಿ ಹಾರಿಸಿ, ಯಾವುದು ನಿಖರ ಎಂದು ಹೋಲಿಸಬೇಕಿತ್ತು. ಹದಿನಾರು ಹಾರಾಟ ಮುಗಿದವು. ನೆಲದ ಹತ್ತಿರ ಪ್ರತಿಸಲವೂ ಹೊಸದು ತೇವ ಹೆಚ್ಚು ತೋರಿಸಿತು. 'ನಂಬಲರ್ಹವಲ್ಲ' ಎಂದು ಕರಡು ವರದಿ ಸಿದ್ಧವಾಯಿತು. ಆಕೆಯ ನಾಲ್ಕು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು.

ಆಮೇಲೊಂದು ಮುಂಜಾನೆ ಎಸಿ ಕೋಣೆಯಿಂದ ಹೊರಬಂದ ಬಲೂನಣ್ಣನ ಕನ್ನಡಕ ಮಂಜಾಯಿತು. ಅಲ್ಲೇ ನಿಂತುಬಿಟ್ಟರು. ಹಳೆಯ ಮಾಪಕವನ್ನು ರೂಢಿಯಂತೆ ಅರ್ಧ ಗಂಟೆ ಮೊದಲೇ ಹೊರಗಿನ ಗಾಳಿಗೆ ತೂಗುಹಾಕುತ್ತಿದ್ದರು. ಹೊಸದನ್ನು ಮಾತ್ರ, ದುಬಾರಿ ವಸ್ತು, ಏನಾದರೂ ಆದೀತೆಂದು, ಕೊನೆಯ ಗಳಿಗೆಯವರೆಗೂ ಆ ತಣ್ಣನೆಯ ಕೋಣೆಯಲ್ಲೇ ಇಟ್ಟಿದ್ದರು. ಹೊರಗೆ ಬಂದೊಡನೆ ಅದರ ಮೇಲೂ ಹೀಗೇ ಹನಿ ಕೂರುತ್ತಿತ್ತು; ಆ ಹನಿಯನ್ನೇ ಅದು ಗಾಳಿಯ ತೇವವೆಂದು ಲೆಕ್ಕ ಕಳಿಸುತ್ತಿತ್ತು.

"ಗೊತ್ತಾದ ದಿನವೇ ಹೇಳಬೇಕಿತ್ತು. ಒಂಬತ್ತು ದಿನ ಸುಮ್ಮನಿದ್ದೆ. ಆ ಹುಡುಗಿ ದಿನಾ ಬಂದು 'ಅಣ್ಣಾ, ನಮ್ಮದು ಎಲ್ಲಿ ಎಡವಿತು' ಅಂತ ಕೇಳೋಳು. ನಾನು ದಾರದ ಗಂಟು ಬಿಗೀತಾ ಕೂತಿರ್ತಿದ್ದೆ."

ಊಟ ಸೇರದ್ದು ಕಂಡು ಹೆಂಡತಿ ವಿಷಯ ಹೊರಡಿಸಿದರು. "ಆಕಾಶದ ಸುದ್ದಿ ಎರಡು ಗಂಟೇಲಿ ತರಿಸ್ತೀರಿ. ನಿಮ್ಮ ಬಾಯಿಂದ ಒಂದು ಮಾತು ಬರೋಕೆ ಒಂಬತ್ತು ದಿನವಾ?" ಎಂದು ಚುಚ್ಚಿದರಂತೆ. ಮರುದಿನ ಅಧಿಕಾರಿಯ ಎದುರು, ಆ ಹುಡುಗಿಯ ಎದುರು ಒಪ್ಪಿಕೊಂಡರು. "ಸಾಹೇಬರು ಬೈಯಲಿಲ್ಲ. ಬೈದಿದ್ರೆ ಹಗುರಾಗ್ತಿತ್ತು." ವರದಿ ನಿಂತಿದೆ. ಹದಿನಾರೂ ಹಾರಾಟ ಮತ್ತೆ ಆಗಬೇಕು. ಇಂದಿನದು ಮೊದಲನೆಯದು.

ಇವತ್ತು ಎರಡೂ ಮಾಪಕಗಳು ಅರ್ಧ ಗಂಟೆಯಿಂದ ಹೊರಗೇ ತೂಗುತ್ತಿವೆ. ಬಲೂನು ಕೈಬಿಟ್ಟು ಏರುತ್ತದೆ. ಒಳಗೆ ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಮಲಗಿದಂತೆ ಸಾಗುತ್ತವೆ.

"ಅಣ್ಣಾ, ಇವತ್ತಾದ್ರೂ ಊಟ ಸೇರುತ್ತಾ?" ಇಂಜಿನಿಯರ್ ನಗುತ್ತಾರೆ.

"ಇನ್ನೂ ಹದಿನೈದಿದೆ ತಾಯಿ." ಅವರು ಆಕೆಯ ಮುಖ ನೋಡುವುದಿಲ್ಲ.

ಹೊರಡುವಾಗ ನನ್ನನ್ನು ಗೇಟಿನವರೆಗೆ ಬಿಡಲು ಬರುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಹೇಳುತ್ತಾರೆ:

"ವರದೀಲಿ ನನ್ನ ತಪ್ಪಿಗೂ ಒಂದು ಸಾಲು ಹಾಕಿ ಅಂತ ಸಾಹೇಬರನ್ನ ಕೇಳಿದೀನಿ. ಮುಚ್ಚಿಟ್ಟರೆ ಬೇರೆ ಎಲ್ಲೋ ಇನ್ನೊಬ್ಬ ಹೀಗೇ ಜೋಪಾನ ಮಾಡ್ತಾನೆ."