ಏನೂ ಕೊಟ್ಟಿಲ್ರಿ

ನಿನ್ನೆ ನಾರಾಯಣಪೇಟೆಯ ದವಾಖಾನೆಯಲ್ಲಿ ಸ್ಪಿರಿಟ್ ವಾಸನೆ ಮೂಗಿಗೆ ಬಡಿದಾಗ ನೆನಪಾದದ್ದು ನನ್ನ ಕಾಯಿಲೆಯಲ್ಲ, ಮಕ್ತಲದ ನಮ್ಮ ದೊಡ್ಡವ್ವನ ಎಮ್ಮೆ. ನಗಬೇಡಿ, ಆ ಎಮ್ಮೆಗೆ ಒಂದು ಕಾಲದಲ್ಲಿ ನಾನೇ ಹಿರಿಯ ವೈದ್ಯ. ಹಿಂದೊಮ್ಮೆ ದನದ ಡಾಕ್ಟರು ಅದಕ್ಕೆ ಔಷಧ ಏರಿಸುವಾಗ ಬಾಟಲಿ ಎತ್ತಿ ಹಿಡಿದಿದ್ದೆನಲ್ಲ, ಅದಕ್ಕಿಂತ ದೊಡ್ಡ ಪದವಿ ಇನ್ಯಾವುದು ಬೇಕು?

ಈದು ಎರಡು ದಿನವಾಗಿದ್ದ ಎಮ್ಮೆ ಅಂದು ಬೆಳಿಗ್ಗೆ ನೆಲ ಹಿಡಿದು ಮಲಗಿತು. ಕುತ್ತಿಗೆ ಪಕ್ಕೆಗೆ ಮಡಚಿತ್ತು, ಕಿವಿ ತಣ್ಣಗಾಗಿದ್ದವು. ಗದ್ವಾಲದಿಂದ ಡಾಕ್ಟರಮ್ಮ ಬರಬೇಕು. ಅಲ್ಲಿಯವರೆಗೆ ಸುಮ್ಮನೆ ಕೂತರೆ ನನ್ನ ವಿದ್ಯೆಗೆ ಅವಮಾನವಲ್ಲವೇ? ಅಂಗಡಿಯಿಂದ ಕ್ಯಾಲ್ಸಿಯಂ ಬಾಟಲಿ ತಂದೆ, ಓಣಿಯಲ್ಲಿ ದನಗಳಿಗೆ ಸೂಜಿ ಚುಚ್ಚುತ್ತಿದ್ದವನನ್ನು ಕರೆದೆ. ಅವನು ಇಡೀ ಬಾಟಲಿಯನ್ನು ರಕ್ತನಾಳಕ್ಕೆ ಸರಸರನೆ ಇಳಿಸಿಬಿಟ್ಟ. ಎಮ್ಮೆ ಗಡಗಡ ನಡುಗಿತು. ಔಷಧ ಕೆಲಸ ಮಾಡುತ್ತಿದೆ ಎಂದು ಮನೆಯವರಿಗೆ ನಾನು ವಿವರಿಸಿದೆ. ಅವನು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಮಾಯವಾದ.

ನಮ್ಮ ಕಡೆ ಒಂದು ಘನವಾದ ಸಂಪ್ರದಾಯವಿದೆ. ಡಾಕ್ಟರು ಬರುವ ಮೊದಲು ಏನೇ ಮಾಡಿರಲಿ, ಅವರೆದುರು ಬಾಯಿ ಬಿಡುವಂತಿಲ್ಲ. ಬೈಸಿಕೊಳ್ಳುವುದಕ್ಕಿಂತ ದನ ಸಾಯುವುದೇ ವಾಸಿ ಎನ್ನುವಷ್ಟು ಮರ್ಯಾದಸ್ಥರು ನಾವು. ಡಾಕ್ಟರಮ್ಮನ ಸ್ಕೂಟರಿನ ಸದ್ದು ಕೇಳಿದ್ದೇ ಖಾಲಿ ಬಾಟಲಿಯನ್ನು ಹುಲ್ಲಿನಡಿ ತುರುಕಿದೆ.

ಆಕೆ ಎಮ್ಮೆಯ ಎದೆಬಡಿತ ಕೇಳಿ ಹುಬ್ಬು ಗಂಟಿಕ್ಕಿದರು. "ಏನರ ಕೊಟ್ಟೀರೇನ್ರಿ ಇದಕ್ಕ?"

"ಏನೂ ಕೊಟ್ಟಿಲ್ರಿ. ನಿಮ್ಮ ದಾರೀನ ನೋಡಾಕತ್ತಿದ್ವಿ" ಎಂದೆ, ಬಹಳ ವಿನಯದಿಂದ.

ಅವರು ತಮ್ಮ ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಸೂಜಿ ತೆಗೆದರು. ನನ್ನ ನಾಲಗೆ ಇನ್ನೂ ಮರ್ಯಾದೆ ಕಾಯುತ್ತಿತ್ತು. ಆಗ, ಪರರೆದುರು ಮಾತೇ ಆಡದ ದೊಡ್ಡವ್ವ ಎದ್ದುಹೋಗಿ ಹುಲ್ಲು ಸರಿಸಿ, ಆ ಖಾಲಿ ಬಾಟಲಿಯನ್ನು ತಂದು ಡಾಕ್ಟರಮ್ಮನ ಮುಂದಿಟ್ಟಳು.

ಡಾಕ್ಟರಮ್ಮ ಸೂಜಿ ಕೆಳಗಿಟ್ಟರು. ಇದರ ಮೇಲೆ ಈಗಲೇ ಇನ್ನೊಂದು ಬಿದ್ದಿದ್ದರೆ ಎದೆ ನಿಂತೇ ಹೋಗುತ್ತಿತ್ತು ಎಂದರಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ದೊಡ್ಡವ್ವ ನನ್ನ ಕಡೆ ತಿರುಗಿದಳು. "ನಿನ್ನ ಮಾನ ಉಳೀಲಿ ಅಂತ ನನ್ನ ಎಮ್ಮಿ ಸಾಯಬೇಕೇನಪಾ?"

ಬಡಿತ ಹದಕ್ಕೆ ಬರುವವರೆಗೂ ಡಾಕ್ಟರಮ್ಮ ಎಮ್ಮೆಯ ಪಕ್ಕ ಬಿಟ್ಟು ಏಳಲಿಲ್ಲ. ಮಧ್ಯಾಹ್ನ ಎಮ್ಮೆ ಎದ್ದು ನಿಂತು ಕರುವಿಗೆ ಮೊಲೆಯೂಡಿಸಿತು. ನಾನು ವೈದ್ಯವೃತ್ತಿ ಬಿಟ್ಟು ಸಗಣಿ ಬಾಚುವ ಹುದ್ದೆಗೆ ಇಳಿದೆ.

ನಿನ್ನೆ ಡಾಕ್ಟರು ನನ್ನನ್ನು ಯಾವ ಯಾವ ಗುಳಿಗೆ ತಗೊಳ್ಳುತ್ತೀರಿ ಎಂದು ಕೇಳಿದರು. ಬಿ.ಪಿ. ಗುಳಿಗೆ ಬಿಟ್ಟು ಎರಡು ತಿಂಗಳಾಗಿದ್ದು, ಬೀಗರು ಕೊಟ್ಟ ನೋವಿನ ಗುಳಿಗೆ ದಿನಾ ನುಂಗುತ್ತಿದ್ದುದು, ಎಲ್ಲವನ್ನೂ ಹೇಳಿದೆ. ನಾಚಿಕೆಯಿಂದ ಕಿವಿ ಕಾದವು, ಆದರೂ ಹೇಳಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಎಲ್ಲವನ್ನೂ ಕೇಳಿ ಮೆಲ್ಲಗೆ ಅಂದಳು: "ಗುಳಿಗಿ ತಗೊಂಡ್ರೇನು ಅಂತ ಇಷ್ಟು ದಿನ ನಾನೂ ಕೇಳ್ತಿದ್ನಲ್ರಿ."