ಇಂಗಿನ ಅಂಗಡಿಯ ಅಟ್ಟದ ಗೋದಾಮು

ಮಿಯಾಪುರದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಎರಡು ವಾರದಿಂದ ಇಂಗಿನ ವಾಸನೆ. ಒಗ್ಗರಣೆಯ ಇಂಗಾದರೆ ಬಂದು ಹೋಗುತ್ತದೆ. ಇದು ಹಸಿ ಇಂಗು, ಮೂಗಿಗೆ ಹತ್ತಿ ಗಂಟಲಿಗೆ ಇಳಿದು ಅಲ್ಲೇ ಕೂರುವಂಥದ್ದು. ಅಕ್ಕಿ ಡಬ್ಬಿಗೆ ಹತ್ತಿತು, ಚಹಾಪುಡಿಗೆ ಹತ್ತಿತು, ಕೊನೆಗೆ ಅವ್ವನ ಮಾತ್ರೆಗಳ ಚೀಲಕ್ಕೂ ಹತ್ತಿತು. ಎಲ್ಲಿಂದ ಬರುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನೋ ಹುಡುಕುವವಳ ಹಾಗೆ ಮನೆ ತುಂಬ ಓಡಾಡಿದೆ. ಕಡೆಗೆ ಅವ್ವನೇ ಮೇಲಿನ ಹಲಗೆಯತ್ತ ಬೆರಳು ತೋರಿಸಿದಳು.

"ಅಲ್ಲಿ ಐತಲ್ಲ ಆ ತಗಡಿನ ಡಬ್ಬಿ, ಒಂದಾ ಅದನ್ನ ತಗದು ನೋಡು, ಇಲ್ಲಾ ಒಗದು ಬಾ. ಎಷ್ಟ್ ವರ್ಷ ಹೊತ್ಕೊಂಡು ತಿರಗ್ತಿ?"

ಆರು ವರ್ಷ, ಎರಡು ಮನೆ. ಈ ಮಳೆಗಾಲದಲ್ಲಿ ತಗಡು ತುಕ್ಕು ಹಿಡಿದು ಒಂದು ಮೂಲೆ ತೂತಾಗಿತ್ತು. ಪಾರ್ಸೆಲ್ ಬಂದರೆ ಬಾಗಿಲಲ್ಲೇ ನಿಂತು ಹಲ್ಲಿನಿಂದ ಹರಿಯುವ ಅವಸರದ ಹೆಂಗಸು ನಾನು. ಅಂಥವಳು ಈ ಡಬ್ಬಿಯನ್ನು ಮಾತ್ರ ಮುಟ್ಟಿರಲಿಲ್ಲ. ಅದನ್ನು ನನಗೆಂದು ಇಟ್ಟುಹೋದವರ ಎಂಟು ತಿಂಗಳ ಕೆಲಸವನ್ನು ನಾನು ಒಂದು ಬೆಳಗ್ಗೆ ಅಳಿಸಿಹಾಕಿದ್ದೆ, ಮತ್ತು ಆ ತಪ್ಪನ್ನು ಅವರು ತಮ್ಮ ಹೆಸರಿಗೆ ಬರೆದುಕೊಂಡಿದ್ದರು.

ಆಗ ನಾವು ಲಿಂಗಂಪಲ್ಲಿಯಲ್ಲಿದ್ದೆವು. ವರ್ಷದ ಖಾರಪುಡಿಯ ಸಾಮಾನಿಗೆ ಅವ್ವ ಬೇಗಂ ಬಜಾರಿಗೇ ಹೋಗಬೇಕು, ಅದೂ ಅದೇ ಅಂಗಡಿಗೆ. ನಾಂಪಲ್ಲಿಯವರೆಗೆ ಲೋಕಲ್ ರೈಲು, ಅಲ್ಲಿಂದ ಆಟೋ. ಅಂಗಡಿಯವರು ನಮ್ಮ ಕಡೆಯವರು, ಬೀದರ ಜಿಲ್ಲೆಯವರು. ಹಮಾಲರ ಜೊತೆ ದಖನಿ, ಗಿರಾಕಿಗಳ ಜೊತೆ ತೆಲುಗು, ನಾವು ಬಂದರೆ ಕನ್ನಡ. ಅಂಗಿಯ ಮುಂಭಾಗ ಸದಾ ಅರಿಶಿನ ಬಣ್ಣ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ.

ಒಂದು ದಿನ ಅವ್ವ ಮೆಣಸಿನಕಾಯಿ ಮುರಿದು ನೋಡುತ್ತ ನಿಂತಿದ್ದಾಗ, ಕೂತಲ್ಲಿ ಕೂರಲಾರದ ನಾನು ಹಿಂದಿನ ಏಣಿಯವರೆಗೆ ಹೋಗಿ ಅಟ್ಟದತ್ತ ಕತ್ತೆತ್ತಿದೆ. ಧನಿಯಾ ಚೀಲಗಳ ನಡುವೆ ಒಂದು ಹಳೆಯ ಕಂಪ್ಯೂಟರ್, ಕಪ್ಪು ತೆರೆ, ಹಸಿರು ಅಕ್ಷರ. ಅದು ಯಾವ ಆಪರೇಟಿಂಗ್ ಸಿಸ್ಟಂ ಎಂದು ನೋಡಿದೊಡನೆ ತಿಳಿಯಿತು. ನಾನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೆ. ನಮ್ಮ ಆಫೀಸಿನಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ, ನಾನು ಮಾತ್ರ ಕುತೂಹಲಕ್ಕೆ ಹಳೇ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದ್ದೆ. ದೂರದ ಯಾವುದೋ ದೇಶದಲ್ಲಿ ಮೂವರು ಸೇರಿ ಬರೆಯುತ್ತಿದ್ದ ಪುಟ್ಟ ಸಿಸ್ಟಂ ಅದು. ಇಂಗಿನ ಅಂಗಡಿಯಲ್ಲಿ ಅದಕ್ಕೇನು ಕೆಲಸ ಎಂದು ಕೇಳಿದೆ.

"ಇದು ನಮ್ಮ ಎರಡನೇ ಗೋದಾಮ್ರಿ," ಎಂದು ಕಾಕಾ ನಕ್ಕರು.

ಕತೆ ಇಷ್ಟೇ. ಯಾರೋ ಗುಜರಿಗೆ ಹಾಕಲು ಹೊರಟಿದ್ದ ಕಂಪ್ಯೂಟರನ್ನು ಕಾಕಾ ತಂದಿದ್ದರು. ಬೇರೆ ಯಾವ ಸಿಸ್ಟಮ್ಮೂ ಅದರ ಮೇಲೆ ಏಳಲಿಲ್ಲ, ಇದು ಎದ್ದಿತು. ಏನೋ ತೊಡಕು ಬಂದಾಗ ಆ ಮೂವರಿಗೆ ಪತ್ರ ಬರೆದರೆ, ಒಬ್ಬ ಎರಡು ಪುಟದ ಉತ್ತರ ಬರೆದನಂತೆ. ಕಂಡಿಲ್ಲ, ಕೇಳಿಲ್ಲ, ಅಷ್ಟು ಹೊತ್ತು ಕೂತು ಬರೆದನಲ್ಲ ಎಂದು ಕಾಕಾ ಕರಗಿಹೋದರು. ಬದಲಿಗೆ ಏನು ಕೊಡಲಿ ಎಂದು ಯೋಚಿಸಿದರು. ವ್ಯಾಪಾರಿಗೆ ಹೊಳೆದದ್ದು ವ್ಯಾಪಾರಿಯ ಉಪಾಯ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಮಾಲು ಇರಬೇಕು. ಆ ಸಿಸ್ಟಂನ ಪೂರ್ತಿ ಸೋರ್ಸ್ ಕೋಡಿನ ಒಂದು ಪ್ರತಿಯನ್ನು ತಮ್ಮ ಅಟ್ಟದಲ್ಲಿಟ್ಟು, ಬೇಕಾದವರು ಇಲ್ಲಿಂದಲೂ ಇಳಿಸಿಕೊಳ್ಳುವಂತೆ ಮಾಡಿದರು. ಇಂಥದ್ದಕ್ಕೆ ಮಿರರ್ ಅನ್ನುತ್ತಾರೆ ಎಂದು ನಾನು ದೊಡ್ಡದಾಗಿ ಹೇಳಿದೆ. ಅವರು ಗೋದಾಮು ಅನ್ನುವುದನ್ನು ಬಿಡಲಿಲ್ಲ. ಆ ಗೋದಾಮು ನಡೆಯುತ್ತಿದ್ದದ್ದೂ ಅದೇ ಸಿಸ್ಟಂ ಮೇಲೆ. ಬೇರೆಯದರ ಮೇಲೆ ಇಟ್ಟರೆ ಸಲೀಸಲ್ಲವೇ ಎಂದು ಕೇಳಿದ್ದೆ.

"ಹಂಗ ಮಾಡಿದ್ರ ನಮ್ಮ ಮಾಲಿನ ಮ್ಯಾಲೆ ನಮಗ ನಂಬಿಕಿ ಇಲ್ಲ ಅಂದಂಗ ಆಗ್ತೈತಲ್ಲವ್ವಾ."

ಅಂದಿನಿಂದ ರಜೆಯ ದಿನಗಳಲ್ಲಿ ನನ್ನ ಸವಾರಿ ಬೇಗಂ ಬಜಾರಿಗೆ. ಕಾಕಾ ಕೆಲಸ ಮಾಡುವ ರೀತಿ ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ದಿನಾ ಬೆಳಗ್ಗೆ ಗಾದಿಗೆ ಊದಿನಕಡ್ಡಿ ಬೆಳಗಿ ಅಟ್ಟ ಹತ್ತುವರು. ಆ ಮೂವರ ಹತ್ತಿರವಿದ್ದ ಮೂಲದ ಯಂತ್ರದಲ್ಲಿ ನಿನ್ನೆಯಿಂದ ಏನು ಬದಲಾಗಿದೆ ಎಂಬ ಪಟ್ಟಿ ತರಿಸುವರು. ಬರುವುದು ಇಷ್ಟು, ಇಲ್ಲಿಂದ ಅಳಿಸಿಹೋಗುವುದು ಇಷ್ಟು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದುವರು. ಬರುವುದನ್ನು ಒಪ್ಪಿದರೂ ಹೋಗುವುದನ್ನು ಸುಮ್ಮನೆ ಒಪ್ಪುತ್ತಿರಲಿಲ್ಲ, ಇದನ್ನೇಕೆ ತೆಗೆಯುತ್ತೀರಿ ಎಂದು ಆ ಮೂವರನ್ನು ಪತ್ರದಲ್ಲಿ ಕೇಳುವರು. ಪಾಪ, ಅವರೂ ಉತ್ತರ ಕೊಡುತ್ತಿದ್ದರು! ಅದು ಬಂದ ಮೇಲೆಯೇ ಕಾಕಾ ಗುಂಡಿ ಒತ್ತುತ್ತಿದ್ದದ್ದು.

"ಕಾಕಾ, ಇದನ್ನ ಮಷೀನ್ ತಾನ ಮಾಡ್ಕೊಂತೈತ್ರಿ. ನಾಕ್ ಸಾಲು ಬರದ್ರ ಆತು. ದಿನಾ ಕೈಲೆ ಯಾಕ ಮಾಡ್ತೀರಿ?"

ಅವರು ನನ್ನನ್ನು ಕೆಳಗೆ ಕರೆದುಕೊಂಡು ಹೋದರು. ಜೀರಿಗೆಯ ಹೊಸ ಚೀಲಗಳು ಬಂದಿದ್ದವು. ಮೊನಚಾದ ಕೊಳವೆಯೊಂದನ್ನು ಚೀಲಕ್ಕೆ ಚುಚ್ಚಿ, ಒಳಗಿನ ಜೀರಿಗೆಯನ್ನು ಅಂಗೈಗೆ ಸುರಿದುಕೊಂಡು, ಉಜ್ಜಿ ಮೂಸಿದರು. "ಹಿಂಗ ನೋಡಲಾರದನ, ಹಳೇ ಚೀಲದಾಗ ಹೊಸಾದು ಸುರೀತೀನೇನು? ಇದೂ ಹಂಗ. ಹಲ್ಲೂ ಮಾಡವ್ವಾ, ಹಲ್ಲೂ." ದಖನಿಯಲ್ಲಿ ಹಲ್ಲೂ ಅಂದರೆ ನಿಧಾನ. ಚೀಲ ಇಳಿಸುವ ಹಮಾಲರಿಗೂ ಅದನ್ನೇ ಹೇಳುತ್ತಿದ್ದರು, ನನಗೂ.

ವರ್ಷಕ್ಕೊಂದು ದಿನ ಮಾತ್ರ ಗೋದಾಮಿಗೆ ಸೂಟಿ, ದಸರೆಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ. ತಕ್ಕಡಿ, ಕೊಳವೆ, ಸುತ್ತಿಗೆಗಳ ಸಾಲಿನಲ್ಲಿ ಕಂಪ್ಯೂಟರೂ ಕುಂಕುಮ ಹಚ್ಚಿಸಿಕೊಂಡು ಕೂರುತ್ತಿತ್ತು. ಹಿಂದಿನ ದಿನ ಇಡೀ ಗೋದಾಮಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಅದಕ್ಕೂ ಕುಂಕುಮ ಹಚ್ಚಿ ಖಾಲಿ ಇಂಗಿನ ಡಬ್ಬಿಯಲ್ಲಿಡುತ್ತಿದ್ದರು. ಇಂದು ಇಲ್ಲಿ ಪೂಜೆ, ಒಂದು ದಿನ ಮಾಲು ಸಿಗುವುದಿಲ್ಲ ಎಂದು ಜಗತ್ತಿಗೆಲ್ಲ ಪತ್ರ ಬರೆಯುವರು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಅಂಥದೊಂದು ದಸರೆ ಮುಗಿದ ಮೇಲೆ ಕಾಕಾ ಕನ್ನಡ ಅಕ್ಷರಗಳಿಗೆ ಕೈ ಹಾಕಿದರು. ಆ ಸಿಸ್ಟಂಗೆ ಕನ್ನಡ ಬರುತ್ತಿರಲಿಲ್ಲ, ಕನ್ನಡದ ಫೈಲು ತೆರೆದರೆ ಬರೀ ಖಾಲಿ ಡಬ್ಬಿಗಳ ಸಾಲು. ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನಗಳಲ್ಲಿ ಕೂತು, ತೆರೆಯ ಮೇಲೆ ಚುಕ್ಕೆ ಚುಕ್ಕೆ ಕೂಡಿಸಿ ಒಂದೊಂದೇ ಅಕ್ಷರ ಕಟ್ಟಿದರು. ಅ ದಿಂದ ಳ ವರೆಗೆ, ಕಾಗುಣಿತ, ಒತ್ತಕ್ಷರ. ಬೇಸಿಗೆ ಕಳೆಯುವ ಹೊತ್ತಿಗೆ ಮುಗಿಸಿ, ನೇರ ಮೂಲದ ಯಂತ್ರಕ್ಕೆ ಏರಿಸಿದರು. ಅಲ್ಲಿಂದ ಅದು ಮಿರರಿಗೂ ಇಳಿದು ಬಂತು. ಅಂದು ತೆರೆಯ ಮೇಲೆ ಮೊದಲು ಮೂಡಿಸಿದ್ದು ಅವರ ತಾಯಿಯ ಹೆಸರು. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ನೋಡಿದರು…

ಆ ಕಂಪ್ಯೂಟರಿನಲ್ಲಿ ಜಾಗ ತುಂಬಿಹೋಗಿತ್ತು. ಅಕ್ಷರಗಳ ಅವರ ಸ್ವಂತ ಪ್ರತಿಯನ್ನು ಅಳಿಸಿದವಳೂ ನಾನೇ. "ಮೂಲದಾಗ ಐತಿ, ಗೋದಾಮಿನಾಗ ಐತಿ, ಮೂರನೇದು ಯಾಕ್ರಿ ಕಾಕಾ?" ಎಂದೆ. ಅವರು "ನೀ ಅಂದ್ರ ಸರಿ," ಎಂದರು.

ಶ್ರಾವಣದಲ್ಲಿ ಅವರ ಅಕ್ಕನ ಮೊಮ್ಮಗಳ ಮದುವೆ, ಬೀದರಿನಲ್ಲಿ. ಹದಿನೈದು ದಿನ ಗೋದಾಮು ನೋಡಿಕೋ ಎಂದು ನನಗೆ ಒಪ್ಪಿಸಿ ಹೋದರು. ನನ್ನ ಮನೆಯಿಂದಲೇ ಅದರೊಳಗೆ ಹೋಗಬಹುದಿತ್ತು. ಎರಡು ಬೆಳಗ್ಗೆ ಪಟ್ಟಿ ಓದಿದೆ. ಮೂರನೆಯ ಬೆಳಗ್ಗೆ ರೈಲಿಗೆ ಹೊತ್ತಾಗುತ್ತಿತ್ತು. ನಾಲ್ಕು ಸಾಲು ಬರೆದು, ಪಟ್ಟಿ ಇಲ್ಲ, ಬೆರಳು ಇಲ್ಲ, ಗಂಟೆಗೊಮ್ಮೆ ಮೂಲದಲ್ಲಿ ಇದ್ದದ್ದು ಇಲ್ಲೂ ಇರಲಿ, ಅಲ್ಲಿ ಇಲ್ಲದ್ದು ಇಲ್ಲೂ ಅಳಿಯಲಿ ಎಂದು ಯಂತ್ರಕ್ಕೆ ಹೇಳಿಬಿಟ್ಟೆ. ಎಷ್ಟು ಹಗುರಾಯಿತು ನನಗೆ! ಕಾಕಾ ಬಂದ ಮೇಲೆ ತೋರಿಸಿ ಮೆಚ್ಚಿಸಬೇಕೆಂದೂ ಇದ್ದೆ.

ಒಂಬತ್ತನೆಯ ದಿನ ಮೂಲದ ಯಂತ್ರದ ಡಿಸ್ಕ್ ಕೆಟ್ಟಿತು. ಅಲ್ಲಿಯವರು ಹೊಸ ಡಿಸ್ಕ್ ಹಾಕಿ, ಇನ್ನೂ ಏನನ್ನೂ ತುಂಬದೆ ಯಂತ್ರ ಚಾಲೂ ಮಾಡಿದರು. ಗೋದಾಮಿನಿಂದ ವಾಪಸು ತುಂಬಿಕೊಂಡರಾಯಿತು ಎಂದು ನಂಬಿದ್ದರು. ನನ್ನ ನಾಲ್ಕು ಸಾಲು ಹೇಳಿದ ಹೊತ್ತಿಗೆ ಹೋಗಿ ನೋಡಿತು, ಮೂಲ ಖಾಲಿ. ಇಲ್ಲಿಯೂ ಖಾಲಿ ಮಾಡಿತು. ನಾನು ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದೆ.

ಫೋನ್ ಮಾಡಿ ಕಾಕಾಗೆ ಹೇಳಿದೆ. ಅವರು ಮದುವೆಯ ಮರುದಿನವೇ ಬಸ್ಸು ಹತ್ತಿ ಬಂದರು. ನಾನು ಏಣಿಯ ಬುಡದಲ್ಲಿ ನಿಂತಿದ್ದೆ. ಬೈಯಲಿ ಎಂದು ಕಾಯುತ್ತಿದ್ದೆ. ಅವರು ಬೈಯಲಿಲ್ಲ. ಇಂಗಿನ ಡಬ್ಬಿ ತೆಗೆದು ಹಿಂದಿನ ಖಂಡೇಪೂಜೆಯ ಡಿಸ್ಕನ್ನು ಜೋಡಿಸಿದರು. ಆವರೆಗಿನದೆಲ್ಲ ಅದರಲ್ಲಿತ್ತು. ವರ್ಷಗಳ ಕೋಡು ಮೂಲಕ್ಕೆ ವಾಪಸು ಹೋಯಿತು, ಆ ಮೂವರ ಹತ್ತಿರ ಚೂರುಪಾರು ಇದ್ದ ಹೊಸದೂ ಸೇರಿಕೊಂಡಿತು. ಇಲ್ಲದೆ ಹೋದದ್ದು ಆ ದಸರೆಯ ನಂತರ ಹುಟ್ಟಿದ ಕನ್ನಡ ಅಕ್ಷರಗಳು ಮಾತ್ರ.

ಆಮೇಲೆ ಎಲ್ಲರೂ ಓದುವ ಪತ್ರದ ಪಟ್ಟಿಗೆ, ಆ ಸಿಸ್ಟಂನವರ ಮೇಲಿಂಗ್ ಲಿಸ್ಟಿಗೆ, ಕಾಕಾ ಬರೆದರು. ನಾನು ಹಿಂದೆಯೇ ನಿಂತು ಓದುತ್ತಿದ್ದೆ. ತಪ್ಪು ನನ್ನದು, ನಾನು ನೋಡದೆ ಗುಂಡಿ ಒತ್ತಿದೆ, ಎಂದು. "ಕಾಕಾ, ನನ್ನ ಹೆಸರು ಬರೀರಿ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಂದು ಅಲ್ಲೇ ನಿಂತಿತು. ಹಲವರು ಹೋಗಲಿ ಬಿಡಿ, ಉಳಿಸಿದವರೂ ನೀವೇ ಎಂದು ಬರೆದರು. ಒಬ್ಬ ಮಾತ್ರ, ಮಸಾಲೆ ಮಾರುವವರು ಮಸಾಲೆಯನ್ನಷ್ಟೇ ಮಾರಿಕೊಂಡಿದ್ದರೆ ಒಳ್ಳೆಯದು ಎಂದು ಬರೆದ. ಕಾಕಾ ಅದನ್ನು ಓದಿ, ಏಣಿ ಇಳಿದು ಹೋಗಿ ಗಾದಿಯ ಮೇಲೆ ಕೂತರು. ಕಾಕಾ ತಪ್ಪೊಪ್ಪಿಕೊಂಡ ಆ ಪತ್ರ ಈಗಲೂ ಆ ಲಿಸ್ಟಿನಲ್ಲಿದೆ, ಯಾರು ಬೇಕಾದರೂ ಓದಬಹುದು.

"ಹೋಗಲಿ ಬಿಡವ್ವಾ, ಮತ್ತ ಬರಿಯೂಣಂತ. ಈ ಸಲ ಮೊದಲು ಕಾಗದದ ಮ್ಯಾಲೆ," ಎಂದರು, ನನ್ನ ಮುಖ ನೋಡದೆ.

ನಾನು ಮತ್ತೆ ಬೇಗಂ ಬಜಾರಿಗೆ ಹೋಗಲಿಲ್ಲ. ಕೆಲಸ ಬದಲಿಸಿದೆ, ಮನೆ ಬದಲಿಸಿದೆ. ಒಂದು ಕಡೆ ನಿಂತರೆ ಆ ಪತ್ರ ಕಣ್ಣೆದುರು ಬರುತ್ತಿತ್ತು. ಮರುವರ್ಷ ಮೆಣಸಿನಕಾಯಿಗೆ ಅವ್ವ ಒಬ್ಬಳೇ ಹೋದಳು. ಗಾದಿಯ ಮೇಲೆ ಅವರ ತಮ್ಮ ಕೂತಿದ್ದರಂತೆ. ಕಾಕಾ ಎದೆನೋವಿನಿಂದ ತೀರಿಕೊಂಡು ಹದಿನೈದು ದಿನವಾಗಿತ್ತು. ಕಂಪ್ಯೂಟರ್ ಗುಜರಿಗೆ ಹೋಗಿತ್ತು. ಇದು ನಿಮ್ಮ ಮಗಳಿಗಂತೆ, ಎಂದು ಆ ತಮ್ಮನೇ ಈ ಡಬ್ಬಿ ಕೊಟ್ಟರು.

ಅವ್ವ ಬೆರಳು ತೋರಿಸಿದ ದಿನವೇ ಅದನ್ನು ತೆರೆದೆ. ಕುಂಕುಮ ಒಣಗಿ ಕಪ್ಪಾದ ಡಿಸ್ಕ್, ಅದರ ಕೆಳಗೆ ಚೌಕಳಿ ಕಾಗದಗಳ ಕಟ್ಟು. ಪೆನ್ಸಿಲಿನಿಂದ ಚೌಕ ಚೌಕ ತುಂಬಿ ಬರೆದ ಅಕ್ಷರಗಳು, ಅ, ಆ, ಇ… ಮ ದವರೆಗೆ. ಆಮೇಲೆ ಒಂಬತ್ತು ಹಾಳೆ ಖಾಲಿ. ಖಾಲಿ ಅಂದರೆ ಗೆರೆ ಹಾಕಿ, ಅಂಚು ಗುರುತು ಮಾಡಿ, ಕೆಳಗೆ ಬರಬೇಕಾದ ಅಕ್ಷರದ ಹೆಸರು ಬರೆದಿಟ್ಟವು. ಯ, ರ, ಲ, ವ… ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅವ್ವ ಕಿಟಕಿ ತೆರೆದಿಟ್ಟಳು.

ಯ ಒಂದಕ್ಕೇ ಎರಡು ದಿನ ಹಿಡಿಯಿತು. ಅಳಿಸಿ ಅಳಿಸಿ ಕಾಗದ ತೆಳುವಾಯಿತು. ಮೂಲ ಅಕ್ಷರಗಳನ್ನಷ್ಟೇ ಮುಗಿಸಿದೆ, ಕಾಗುಣಿತ, ಒತ್ತಕ್ಷರ ಇನ್ನೂ ಬಾಕಿ. ಹಳೇ ಲ್ಯಾಪ್‌ಟಾಪಿಗೆ ಅದೇ ಸಿಸ್ಟಂ ಹಾಕಿ, ಈ ಫ್ಲ್ಯಾಟಿನಲ್ಲೇ ಒಂದು ಗೋದಾಮು ಇಟ್ಟಿದ್ದೇನೆ. ಬೆಳಗ್ಗೆ ಪಟ್ಟಿಯನ್ನು ಬೆರಳಿಟ್ಟು ಓದುತ್ತೇನೆ. ತೆರೆಯ ಮೇಲೆ ಅಕ್ಷರಮಾಲೆ ನೋಡಿದರೆ ಮ ಆದ ಮೇಲೆ ಕೈ ಬದಲಾದದ್ದು ಯಾರಿಗಾದರೂ ಗೊತ್ತಾಗುತ್ತದೆ. ಅವರ ಅಕ್ಷರ ನೆಟ್ಟಗೆ ಕೂತಿದೆ, ನನ್ನದು ಎಲ್ಲಿಗೋ ಹೊರಟಂತಿದೆ.

ಅಕ್ಷರಗಳನ್ನು ಮೂಲಕ್ಕೆ ಕಳಿಸಿ, ಅದೇ ಪತ್ರದ ಪಟ್ಟಿಗೆ ಬರೆದೆ. ಅಂದು ನೋಡದೆ ಅಳಿಸಿದವಳು ನಾನು. ಅವರಲ್ಲ. ನನ್ನ ಹೆಸರು ಇದು. ಬರೆದ ಕೂಡಲೇ, ಇನ್ನೊಮ್ಮೆ ಓದದೆ, ಕಳಿಸಿಬಿಟ್ಟೆ.

ಮರುದಿನವೇ ಉತ್ತರ ಬಂತು. ಮಸಾಲೆಯ ಮಾತು ಬರೆದಿದ್ದವನೇ ಬರೆದಿದ್ದ. ಆ ದಿನ ಹಾಗೆ ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ, ದಯವಿಟ್ಟು ಅವರಿಗೆ ನನ್ನ ಕ್ಷಮಾಪಣೆ ಮುಟ್ಟಿಸಿ, ಎಂದು.

ಆಗ ನೋಡಿಕೊಂಡೆ. ಅವಸರದಲ್ಲಿ, ಕಾಕಾ ಇಲ್ಲ ಎಂಬುದನ್ನೇ ನಾನು ಬರೆದಿರಲಿಲ್ಲ. ಮೂರು ದಿನದಿಂದ ಆ ಒಂದು ಸಾಲು ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ…